ಅಂಕುಶನ ಮಫ್ಲರು

ನವೆಂಬರ್ ೧೦, ಮಂಗಳವಾರ

ಹಿರೇಹಡಗಲಿಗೆ ಬಂದು ಬಿದ್ದಿದ್ದೇನೆ. ಯುದ್ಧ ಶುರುವಾಗುತ್ತಿದ್ದಂತೆ ವಾಯುನೆಲೆಯ ಕ್ವಾರ್ಟರ್ಸ್‌ನಲ್ಲಿದ್ದ ಹೆಂಗಸರು, ಮಕ್ಕಳನ್ನೆಲ್ಲ ಅವರವರ ಊರಿಗೆ ಕಳಿಸಿಬಿಟ್ಟರು. ಹರಪನಹಳ್ಳಿಯ ತವರಿಗೆ ಹೋಗೋಣವೆಂದರೆ ಅಲ್ಲಿ ಅಣ್ಣ ಮನೆ ಕೆಡವಿ ಕಟ್ಟಿಸುತ್ತಿದ್ದಾನೆ. ಸಿಮೆಂಟ್ ಚೀಲದ ಮೇಲೆ ಮಲಗಬೇಕು. ಹಾಗಾಗಿ ಇಲ್ಲಿ. ಗಂಡ ಜೊತೆಗಿಲ್ಲದೆ ಅತ್ತೆಯ ಮನೆಯಲ್ಲಿರುವ ಕಷ್ಟ ಇದ್ದವರಿಗೇ ಗೊತ್ತು.

ಅತ್ತೆಯನ್ನು ಈ ಪುಸ್ತಕದಲ್ಲಿ ಮೈಲಮ್ಮನವರು ಎಂದೇ ಬರೆಯುತ್ತೇನೆ. ಬಾಯಲ್ಲಿ ದಿನವಿಡೀ ಅತ್ತೆ ಅನ್ನುವುದು ಸಾಕು. ಮೈಲಮ್ಮನವರಿಗೆ ಎಲ್ಲದಕ್ಕೂ ಮದ್ದು ಒಂದೇ, ಮೈಲಾರಲಿಂಗನ ಭಂಡಾರ, ಅಂದರೆ ಅರಿಶಿನದ ಪುಡಿ. ಹೊಸ ಕುಕ್ಕರಿಗೂ ಹಚ್ಚುತ್ತಾರೆ, ಸೊಟ್ಟಗಾದ ಫ್ಯಾನಿಗೂ ಹಚ್ಚುತ್ತಾರೆ. ಬಂದ ಕೂಡಲೇ ನನ್ನ ಹಣೆಗೆ ಬಳಿದರು. ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಹಳದಿ ಹಣೆ ಹೊತ್ತುಕೊಂಡೇ ಊಟ ಮಾಡಿದೆ.

ಪೆಟ್ಟಿಗೆ ಬಿಚ್ಚಿದರೆ ನನ್ನ ಶಾಲು ಇಲ್ಲ. ಅವಸರದಲ್ಲಿ ಅಂಕುಶನ ಮಫ್ಲರನ್ನು ತುರುಕಿಕೊಂಡು ಬಂದಿದ್ದೇನೆ! ನನ್ನ ಗಂಡ ಕಾಂತೇಶ್ ಹಾರುವ ಬಾಂಬರಿನಲ್ಲಿ ಇಬ್ಬರು. ಮುಂದಿನ ಸೀಟಿನಲ್ಲಿ ಅಂಕುಶ ವಿಮಾನ ನಡೆಸುತ್ತಾನೆ. ಹಿಂದಿನ ಸೀಟಿನಲ್ಲಿ ಕಾಂತೇಶ್ ದಿಕ್ಕು, ಗುರಿ, ಬಾಂಬು ನೋಡಿಕೊಳ್ಳುತ್ತಾನೆ. ಈ ಅಂಕುಶ ಹಿಮಾಚಲದವನು. ಭಾನುವಾರ ಬಂತೆಂದರೆ "ಭಾಭೀ" ಎನ್ನುತ್ತ ನಮ್ಮ ಮನೆಗೆ ಹಾಜರು. ಜೋಳದ ರೊಟ್ಟಿ ತಟ್ಟಿ ತಟ್ಟಿ ನನ್ನ ಅಂಗೈ ಸುಟ್ಟರೂ ಅವನ ಹೊಟ್ಟೆ ತುಂಬುವುದಿಲ್ಲ. ಹೋಗುವಾಗ ಏನಾದರೊಂದು ಮರೆತು ಹೋಗುತ್ತಾನೆ. ಈ ಸಲ ಮಫ್ಲರು. ಅವನ ತಾಯಿ ಮನೆಯ ಕುರಿಯ ಉಣ್ಣೆಯಲ್ಲಿ ಹೆಣೆದದ್ದಂತೆ. ಬೂದು ಬಣ್ಣ, ನಾಲ್ಕೂ ಮೂಲೆಗೆ ಒಂದೊಂದು ಕೆಂಪು ಗೊಂಡೆ. ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಸಂಜೆ ಹುಲುಗಣ್ಣ ಚಿಕ್ಕಪ್ಪ ಬಂದಿದ್ದರು. ತೀರಿಹೋದ ಮಾವನವರ ತಮ್ಮ. ಕುರಿ ಹಿಂಡನ್ನು ಮಾಗಳದ ಹತ್ತಿರ ಹೊಲವೊಂದರಲ್ಲಿ ತರುಬಿದ್ದಾರೆ.

"ಕಾಂತೇಶ ಹಿಂದ ಕುಂದ್ರತಾನ ಅಂತಿ. ಹಂಗಾರ ಕ್ಲೀನರ್ರೇನವ್ವಾ?" ಎಂದು ಕೇಳಿದರು.

ಮೈಲಮ್ಮನವರು ಅವರನ್ನು ತಿನ್ನುವ ಹಾಗೆ ನೋಡಿ, "ಕ್ಲೀನರ್ ಅಲ್ಲೋ, ಕಂಡಕ್ಟರು. ಆವ ರೈಟ್ ಅಂದ್ರ ಗಾಡಿ ಹೊಂಡೂದು," ಎಂದರು.

ನಗು ತಡೆಯಲು ಅಡುಗೆಮನೆಗೆ ಓಡಿದೆ. ಕಾಂತೇಶನಿಗೆ ಹೇಳಬೇಕು. ಫೋನು ಮಾಡಿದರೆ ಸ್ವಿಚ್ ಆಫ್.

ನವೆಂಬರ್ ೧೩, ಶುಕ್ರವಾರ

ಬೆಳಿಗ್ಗೆ ಸ್ಕ್ವಾಡ್ರನ್‌ನಿಂದ ಫೋನು ಬಂತು. ನಿನ್ನೆ ಸಂಜೆ ಹೋದ ವಿಮಾನ ಮರಳಿಲ್ಲ. ಬಾಂಬು ಹಾಕಿ ಹಿಂದಿರುಗುವಾಗ ಪೆಟ್ಟು ಬಿದ್ದಿದೆ. ಗಡಿಯ ಈಚೆ ಹಿಮದ ಬೆಟ್ಟಗಳಲ್ಲಿ ಎಲ್ಲೋ ಬಿದ್ದಿದೆ. ಇಬ್ಬರೂ ಹೊರಗೆ ಹಾರಿರಬಹುದು. ಹುಡುಕುತ್ತಿದ್ದೇವೆ.

ಹಾರಿರಬಹುದು. ಹಾರಿರಬಹುದು. ಹಾರಿರಬಹುದು.

ಮೈಲಮ್ಮನವರಿಗೆ ನಾನೇ ಹೇಳಬೇಕಾಯಿತು. ಅವರು ಅಳಲಿಲ್ಲ. ಟ್ರಂಕಿನಿಂದ ಕಾಂತೇಶನ ಹಳೇ ಲುಂಗಿ ತೆಗೆದು ಒಂದು ಚೂರು ಹರಿದರು, ಅರಿಶಿನದ ನೀರಿನಲ್ಲಿ ಅದ್ದಿದರು, ನಡುವೆ ಒಂದು ನಾಣ್ಯ ಇಟ್ಟು ಗಂಟು ಹಾಕಿದರು. ನಡುಮನೆಯ ಕಂಬಕ್ಕೆ ಕಟ್ಟಿ, "ಮೈಲಾರಪ್ಪಾ, ನನ್ನ ಮಗ ಜೀವಂತ ಬರ್ಲಿ. ಒಂದು ದೋಣಿ ತುಂಬಿಸ್ತೀನಿ," ಎಂದರು. ಇದಕ್ಕೆ ಮುಡಿಪು ಕಟ್ಟುವುದು ಎನ್ನುತ್ತಾರೆ. ಹರಕೆ ಫಲಿಸಿದ ಮೇಲೆ ಗಂಟು ಬಿಚ್ಚಿ, ಮೈಲಾರನ ಭಕ್ತರಾದ ಗೊರವಯ್ಯಗಳನ್ನು ಮನೆಗೆ ಕರೆಸಬೇಕು. ಕಂಬಳಿಯ ಮೇಲೆ ಮರದ ದೊಡ್ಡ ಬಟ್ಟಲಿಟ್ಟು ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ ತುಂಬಿಸಬೇಕು. ಆ ಬಟ್ಟಲೇ ದೋಣಿ. ಗೊರವಯ್ಯಗಳು ಮಂಡಿಯೂರಿ ಅದನ್ನು ಖಾಲಿ ಮಾಡುತ್ತಾರೆ.

ನನ್ನ ಗಂಡ ಹಿಮದಲ್ಲಿ ಬಿದ್ದಿದ್ದಾನೆ, ಇವರು ಬಾಳೆಹಣ್ಣಿನ ಮಾತಾಡುತ್ತಿದ್ದಾರೆ! ಕಿರುಚಬೇಕೆನಿಸಿತು. ಕಿರುಚಿದೆ ಕೂಡ. "ಅದೆಲ್ಲ ಆಮೇಲೆ ಮಾಡ್ರಿ, ಮೊದ್ಲು ಆ ಟಿವಿ ಬಂದ್ ಮಾಡ್ರಿ!" ಎಂದೆ. ಟಿವಿಯಲ್ಲಿ ಕೋಟು ಹಾಕಿದವನೊಬ್ಬ ಬೆರಳಾಡಿಸುತ್ತ ನಮ್ಮ ವಿಮಾನವನ್ನು ಮತ್ತೆ ಮತ್ತೆ ಬೀಳಿಸುತ್ತಿದ್ದ. ಮೈಲಮ್ಮನವರು ಹೋಗಿ ವೈರನ್ನೇ ಕಿತ್ತರು.

ನವೆಂಬರ್ ೧೪, ಶನಿವಾರ

ಸುದ್ದಿಯಿಲ್ಲ.

ಮಧ್ಯಾಹ್ನ ಅಂಕುಶನ ತಾಯಿ ಫೋನ್ ಮಾಡಿದ್ದರು. ಸ್ಕ್ವಾಡ್ರನ್‌ನವರು ನನ್ನ ನಂಬರು ಕೊಟ್ಟರಂತೆ. "ಏನಾದರೂ ಗೊತ್ತಾಯಿತೇ ಮಗಳೇ?" ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. "ಊಟ ಮಾಡಿದೆಯಾ?" ಎಂದರು. ಮಾಡಿದೆ ಎಂದೆ. ಸುಳ್ಳು. ಅವರೂ ಮಾಡಿಲ್ಲವೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

ನವೆಂಬರ್ ೧೫, ಭಾನುವಾರ

ಕಾಂತೇಶ್ ಸಿಕ್ಕ!

ಬದುಕಿದ್ದಾನೆ. ಬಲಗಾಲು ಮುರಿದಿದೆ, ಪಕ್ಕೆಲುಬು ಬಿರುಕು ಬಿಟ್ಟಿವೆ, ಮುಖವೆಲ್ಲ ಬಾತಿದೆಯಂತೆ. ಆದರೆ ಬದುಕಿದ್ದಾನೆ! ಗಸ್ತಿನ ಸೈನಿಕರಿಗೆ ಇಳಿಜಾರಿನಲ್ಲಿ ಅವನ ಪ್ಯಾರಾಚೂಟ್ ಕಂಡಿತಂತೆ. ಸೇನಾ ಆಸ್ಪತ್ರೆಗೆ ಸಾಗಿಸಿದ್ದಾರೆ.

ಫೋನಿಟ್ಟವಳೇ ಏನು ಮಾಡಿದೆನೋ ನನಗೆ ನೆನಪಿಲ್ಲ. ನಾನು ಅಂಗಳದಲ್ಲಿ ಕುಳಿತು ಮಣ್ಣನ್ನು ಎರಡೂ ಕೈಯಲ್ಲಿ ಬಡಿದೆನಂತೆ. ಪಕ್ಕದ ಮನೆಯ ಈರಕ್ಕ ಕೆಟ್ಟ ಸುದ್ದಿಯೆಂದು ತಿಳಿದು ಎದೆ ಬಡಿದುಕೊಳ್ಳುತ್ತ ಬಂದಳು. ಅವಳಿಗೆ ಹೇಳಬೇಕೆಂದರೆ ಬಾಯಿಯಿಂದ ಮಾತೇ ಹೊರಡದು, ಬರೀ ನಗು. ಆಮೇಲೆ ಅವಳೂ ನಗತೊಡಗಿದಳು. ಕೊಟ್ಟೂರಿನಿಂದ ತಂದಿದ್ದ ಮಂಡಕ್ಕಿಯ ಚೀಲವನ್ನೇ ಬಿಚ್ಚಿ ಮೆಣಸಿನಕಾಯಿ ಬಜ್ಜಿ ಕರಿದಳು. ಓಣಿಗೆಲ್ಲ ಹಂಚಿದೆವು. ಈ ಮೂರು ದಿನ ಕೂಳು ಬೇಡವೆಂದಿದ್ದ ನಾನು ಎಷ್ಟು ಬಜ್ಜಿ ತಿಂದೆನೋ, ಅಂಕುಶನನ್ನೂ ಮೀರಿಸಿರಬೇಕು.

ಅಂಕುಶ ಇನ್ನೂ ಸಿಕ್ಕಿಲ್ಲ.

ಅದನ್ನೂ ಹೇಳಿದರು. ನನಗೆ ಆಗ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಇಲ್ಲಿ ನಾನೊಬ್ಬಳೇ ಓದುವುದಲ್ಲವೇ, ಇದ್ದದ್ದನ್ನು ಬರೆಯುತ್ತೇನೆ: ಈ ಹೊತ್ತು ನನಗೆ ನನ್ನವನು ಸಿಕ್ಕಿದ್ದಷ್ಟೇ ಸಾಕು.

ಮೈಲಮ್ಮನವರು ಮಾತ್ರ ವಿಚಿತ್ರ. ಮಗ ಬದುಕಿದ್ದಾನೆ ಎಂದಾಗ ಕಂಬವನ್ನು ತಬ್ಬಿಕೊಂಡು ಅತ್ತರು. ಅದು ಸರಿ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ, "ಇನ್ನೊಬ್ಬಾವ?" ಎಂದರು. ಹುಡುಕುತ್ತಿದ್ದಾರೆ ಎಂದೆ. ಅಷ್ಟೇ, ಕಂಬದ ಮುಡಿಪನ್ನೇ ನೋಡುತ್ತ ಕುಳಿತುಬಿಟ್ಟರು. ಬಜ್ಜಿ ಮುಟ್ಟಲಿಲ್ಲ. ಇಂಥ ದಿನವೂ ಮುಖ ಗಂಟಿಕ್ಕಿಕೊಳ್ಳುವವರಿಗೆ ಏನು ಹೇಳುವುದು?

ನವೆಂಬರ್ ೧೬, ಸೋಮವಾರ

ಕಾಂತೇಶ್ ಜೊತೆ ಮಾತಾಡಿದೆ. ನರ್ಸ್ ಫೋನ್ ಹಿಡಿದಿದ್ದಳು. ದನಿ ಬಾವಿಯ ತಳದಿಂದ ಬಂದ ಹಾಗಿತ್ತು. ಕಂಡಕ್ಟರ್ ಕಥೆ ಹೇಳಿ ನಗಿಸಬೇಕೆಂದಿದ್ದೆ.

ಅವನು ಕೇಳಿದ್ದು ಒಂದೇ: "ಅಂಕುಶ ಸಿಕ್ನಾ?"

ಇಲ್ಲ ಎಂದೆ.

"ಅವನೇ ನನ್ನ ಮೊದಲು ಹೊರಗ ಕಳಿಸಿದ್ದು, ಶಿವಲೀಲಾ. ನನ್ನ ಸೀಟು ಹಾರಿದ ಮ್ಯಾಲ ಅವನಿನ್ನೂ ಒಳಗ ಇದ್ದ. ವಿಮಾನ ಹಂಗ ಮುಂದ ಹೋತು. ನಾ ನೋಡಿದೆ."

ಆಮೇಲೆ ಅವನ ಉಸಿರನ್ನು ಕೇಳುತ್ತಿದ್ದೆ. ನರ್ಸ್ ಫೋನ್ ಇಟ್ಟಳು. ಗಂಡ ಬದುಕಿದ್ದಾನೆಂದು ನಿನ್ನೆ ಕುಣಿದೆನಲ್ಲ, ಇಂದು ಅನಿಸುತ್ತಿದೆ: ಅಂಕುಶ ಬರದಿದ್ದರೆ ಇವನೂ ಪೂರ್ತಿ ಬರುವುದಿಲ್ಲ. ಕಾಲು ಕೂಡಿಕೊಳ್ಳಬಹುದು. ಮಿಕ್ಕದ್ದು?

ಸಂಜೆ ಗೊರವಯ್ಯ ಓಬಳೇಶಪ್ಪ ಬಂದರು. ಕರಿ ಕಂಬಳಿಯ ಅಂಗಿ, ಕೈಯಲ್ಲಿ ಡಮರು, ಹೆಗಲಿಗೆ ಭಂಡಾರದ ಚೀಲ. ದೋಣಿ ತುಂಬಿಸುವ ದಿನ ಗೊತ್ತು ಮಾಡಲು ಬಂದಿದ್ದರು. ಅತ್ತೆ ಬಾಗಿಲಲ್ಲೇ ಹೇಳಿದರು:

"ಓಬಳೇಶಣ್ಣ, ನಾ ತಪ್ಪು ಮಾಡೀನಿ. ಒಂದು ಗಾಡ್ಯಾಗ ಇಬ್ರು ಕುಂತಿದ್ರು. ನಾ ಒಬ್ಬನ್ನ ಕೇಳಿದೆ. ಒಬ್ಬನ್ನ ಕೊಟ್ಟ."

"ಅತ್ತೇ! ದೇವ್ರೇನು ರೇಷನ್ ಅಂಗಡಿಯವ್ನೇನ್ರಿ, ಕಾರ್ಡಿನಾಗೆ ಇದ್ದಷ್ಟೇ ಕೊಡಾಕೆ?" ಎಂದೆ.

"ಕೇಳಾಕಿ ನಾನಲ್ಲೇನು? ನನ್ನ ಬಾಯಾಗ ಎರಡು ಅನ್ನಾದು ಯಾಕ ಬರ್ಲಿಲ್ಲ? ಆ ಹುಡುಗನ ಹೆಸರು ನನಗ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ."



ಓಬಳೇಶಪ್ಪ ಹೊಸ್ತಿಲ ಹೊರಗೇ ಕುಳಿತು ಯೋಚಿಸಿದರು. ಇನ್ನೊಂದು ಮುಡಿಪು ಕಟ್ಟಬಹುದು, ಆದರೆ ಹೆತ್ತವಳು ಕಟ್ಟಬೇಕು, ಇಲ್ಲವೇ ಮನೆಯವರು ಕಟ್ಟಬೇಕು. ಯಾರಿಗಾಗಿ ಕಟ್ಟುವುದೋ ಅವರು ತೊಟ್ಟ ಬಟ್ಟೆಯಲ್ಲೇ ಕಟ್ಟಬೇಕು. "ಕಂಡೋರ ಮಕ್ಕಳ ಸಲುವಾಗಿ ಕಟ್ಟಿದ್ರ ಅದು ಮುಡಿಪಲ್ಲ ಮೈಲಮ್ಮ, ಬರೇ ಗಂಟು," ಎಂದು ಎದ್ದು ಹೋದರು.

ಮಧ್ಯಾಹ್ನ ಅಂಕುಶನ ತಾಯಿಯ ಫೋನು ಎರಡು ಸಲ ಬಂದಿತ್ತು. ನಾನು ಎತ್ತಲಿಲ್ಲ. ನನ್ನವನು ಸಿಕ್ಕ ಎಂದು ಯಾವ ಬಾಯಿಂದ ಹೇಳಲಿ? ಫೋನನ್ನು ದಿಂಬಿನ ಕೆಳಗೆ ತಳ್ಳಿದೆ.

ನವೆಂಬರ್ ೧೭, ಮಂಗಳವಾರ

ಅತ್ತೆ ನಿನ್ನೆಯಿಂದ ಏನೂ ತಿಂದಿಲ್ಲ. ಬೆಳಿಗ್ಗೆ ಚಹಾ ಕೊಟ್ಟರೆ ಲೋಟ ಹಿಡಿದುಕೊಂಡೇ ಕುಳಿತರು, ಆರಿ ಕೆನೆ ಕಟ್ಟಿತು. ನೋಡಿ ನೋಡಿ ತಡೆಯಲಾರದೆ ಪೆಟ್ಟಿಗೆಯಿಂದ ಮಫ್ಲರು ತಂದು ಅವರ ತೊಡೆಯ ಮೇಲೆ ಇಟ್ಟೆ.

"ಇದು ಅಂಕುಶನದು. ನಮ್ಮ ಮನ್ಯಾಗೆ ಮರ್ತು ಹೋಗಿದ್ದ," ಎಂದೆ.

ಅವರು ಚಹಾ ಕೆಳಗಿಟ್ಟು ಉಣ್ಣೆಯನ್ನು ಬೆರಳ ನಡುವೆ ಉಜ್ಜಿದರು, ಮೂಗಿಗೆ ಹಿಡಿದರು. "ಮರಿಗಳ ಮೊದಲ ಕತ್ತರಿ ಉಣ್ಣಿ ಇದು. ಎಷ್ಟು ಮೆತ್ತಗೈತಿ! ಅವರೂ ಕುರಿ ಮಂದೀನಾ?"

"ಹೂಂ. ಬೆಟ್ಟದಾಗೆ ಕುರಿ ಕಾಯ್ತಾರಂತೆ."

"ಆಕಿಗೆ ಫೋನ್ ಹಚ್ಚು."

ನಾನು ಆಗಲ್ಲ ಎಂದೆ. ಅತ್ತೆ ದಬಾಯಿಸಲಿಲ್ಲ. "ನೀ ಹಚ್ಚು. ಬೈಗಳ ಇದ್ರ ನಾ ತಿಂತೀನಿ," ಎಂದರು.

ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ, "ಕಾಂತೇಶ್ ಸಿಕ್ಕನಂತೆ! ಶುಭ ಹೇಳಲಿಕ್ಕೆ ನಿನ್ನೆ ಫೋನ್ ಮಾಡಿದ್ದೆ ಮಗಳೇ," ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅತ್ತುಬಿಟ್ಟೆ. ಅವರೇ ನನ್ನನ್ನು ಸಮಾಧಾನ ಮಾಡಬೇಕಾಯಿತು.

ಅತ್ತೆ ನನ್ನ ತೋಳು ತಿವಿದು, "ಕೇಳು. ನಿಮ್ಮ ದ್ಯಾವ್ರಿಗೆ ಏನು ಬೇಡಿಕೊಂಡಿ ಅಂತ ಕೇಳು," ಎಂದರು.

ಕೇಳಿದೆ. ಅವರು ಊರ ಮೇಲಿನ ದೇವಿಯ ಗುಡಿಗೆ ಮೊದಲ ದಿನವೇ ಹೋಗಿ ಎರಡು ಕೆಂಪು ದಾರ ಕಟ್ಟಿ ಬಂದಿದ್ದರಂತೆ. ಒಂದು ಅಂಕುಶನಿಗೆ, ಒಂದು ಕಾಂತೇಶನಿಗೆ. "ಒಟ್ಟಿಗೆ ಹೋದವರು, ಒಬ್ಬನಿಗೆ ಹೇಗೆ ಕೇಳಲಿ?" ಎಂದರು. ದೊಡ್ಡ ಮಾತು ಎಂದುಕೊಂಡು ಹೇಳಿದ್ದಲ್ಲ. ಹಾಲಿಗೆ ಹೆಪ್ಪು ಹಾಕಿದೆ ಎಂದ ಹಾಗೆ ಹೇಳಿದರು.

ಅದನ್ನು ಕನ್ನಡದಲ್ಲಿ ಅತ್ತೆಗೆ ಹೇಳಬೇಕಲ್ಲ! ಹೇಳದೇ ಬಿಡೋಣ ಎಂದುಕೊಂಡೆ. ಆದರೆ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಿದೆ.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಮುಖ ಒರೆಸಿಕೊಂಡು, "ಹಂಗಾರ ನನ್ನ ಮಗ ಬಂದಿದ್ದು ಆಕಿ ಬೇಡಿದ್ದಕ್ಕ. ಆಕಿ ಮಗನ್ನ ನಾ ಬೇಡಬೇಕು. ಕೇಳವ್ವಾ, ಅಂಕುಶ ನನ್ನ ಮಗ ಅನ್ನಾಕ ಆಕಿ ಒಪ್ಪಿಗಿ ಐತೇನು ಕೇಳು. ಮನಿಯವ ಆಗದಿದ್ರ ಓಬಳೇಶಣ್ಣ ಗಂಟು ಅಂತಾನ," ಎಂದರು.

ಗೊರವಯ್ಯನ ನಿಯಮ, ಮುಡಿಪು, ದೋಣಿ ಎಲ್ಲವನ್ನೂ ನನ್ನ ಹಿಂದಿಯಲ್ಲಿ ವಿವರಿಸುವಷ್ಟರಲ್ಲಿ ಬೆವರಿದೆ. ಮಕ್ಕಳಿಗೆ ಗುರುತ್ವಾಕರ್ಷಣೆ ಪಾಠ ಮಾಡುವುದು ಇದಕ್ಕಿಂತ ಸುಲಭ. ಆ ತಾಯಿ ಅಳುವಿನ ನಡುವೆ ನಕ್ಕುಬಿಟ್ಟರು. "ಅವನ ಅರ್ಧ ಊಟವೆಲ್ಲ ನಿಮ್ಮ ಮನೆಯದೇ. ರಜೆಗೆ ಬಂದರೆ ನನ್ನ ರೊಟ್ಟಿಗೆ ಹೆಸರಿಡುತ್ತಾನೆ. ಎಂದೋ ನಿಮ್ಮವನಾಗಿದ್ದಾನೆ, ಕಟ್ಟಿಕೊಳ್ಳಿ," ಎಂದರು. ಮಫ್ಲರಿನಿಂದ ಏನು ಬೇಕಾದರೂ ಕತ್ತರಿಸಿ ಎಂದರು.

ಅತ್ತೆಗೆ ಅದನ್ನು ಹರಿಯಲು ಮನಸ್ಸಾಗಲಿಲ್ಲ. ಒಂದು ಮೂಲೆಯ ಗೊಂಡೆಯನ್ನಷ್ಟೇ ಕತ್ತರಿಸಿ, ಅದರ ನೂಲು ಬಿಡಿಸಿ ನಾಣ್ಯಕ್ಕೆ ಸುತ್ತಿ ಅರಿಶಿನ ಬಳಿದರು. ಮೊದಲನೆಯದರ ಪಕ್ಕದಲ್ಲೇ ಕಟ್ಟಿ, "ಮೈಲಾರಪ್ಪಾ, ನನಗ ಇಬ್ರು ಮಕ್ಕಳು," ಎಂದರು.

ಆಮೇಲೆ ಊಟ ಮಾಡಿದರು. ನಾನು ಬಡಿಸಿದೆ. ನಾನೂ ಅವರ ಪಕ್ಕದಲ್ಲೇ ಉಂಡೆ.

ನವೆಂಬರ್ ೧೮, ಬುಧವಾರ

ಬೆಟ್ಟದಲ್ಲಿ ಮಂಜು ಸುರಿಯುತ್ತಿದೆಯಂತೆ. ಹೆಲಿಕಾಪ್ಟರ್ ಏರಲಾಗುತ್ತಿಲ್ಲ. ಸ್ಕ್ವಾಡ್ರನ್‌ನವರ ದನಿ ಬದಲಾಗಿದೆ. "ಪ್ರಯತ್ನ ಮುಂದುವರಿದಿದೆ" ಎನ್ನುತ್ತಾರೆ. ಹೀಗೆ ಓದಿ ಹೇಳಿದ ಹಾಗೆ ಮಾತಾಡಿದರೆ ನನಗೆ ಭಯ.

ಕಾಂತೇಶ್ ಇಂದು ಫೋನಿಗೆ ಬರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಾನೆ ಎಂದಳು ನರ್ಸ್.

ಅಂಕುಶ ಕೊನೆಯ ಸಲ ಬಂದಾಗ ಆರನೇ ರೊಟ್ಟಿ ಕೇಳಿದ್ದ. ಹಿಟ್ಟು ಮುಗಿಯಿತು ಎಂದಿದ್ದೆ. ಡಬ್ಬಿಯಲ್ಲಿ ಹಿಟ್ಟು ಇತ್ತು.

ಈ ಪುಟಕ್ಕೆ ಹಳದಿ ಹತ್ತಿದೆ. ಅಡುಗೆ ಮಾಡುವಾಗ ಕೈಗೆ ಅರಿಶಿನ ಆಗಿತ್ತು, ತೊಳೆದರೂ ಹೋಗಲಿಲ್ಲ.

ನವೆಂಬರ್ ೧೯, ಗುರುವಾರ

ಸಿಕ್ಕ! ಸಿಕ್ಕ! ಸಿಕ್ಕ!

ಬೆಳಿಗ್ಗೆ ಮೋಡ ಹರಿದಾಗ ಹೆಲಿಕಾಪ್ಟರಿನವರಿಗೆ ಒಂದು ಕಣಿವೆಯಲ್ಲಿ ಹೊಗೆ ಕಂಡಿತಂತೆ. ಇಳಿದು ನೋಡಿದರೆ ಕುರಿಗಾಹಿಗಳು ಬೇಸಿಗೆಯಲ್ಲಿ ಇಳಿದುಕೊಳ್ಳುವ ಕಲ್ಲಿನ ಗುಡಿಸಲು. ಒಳಗೆ ನಮ್ಮ ಅಂಕುಶ, ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸುತ್ತಿದ್ದ! ಚಳಿಗಾಲಕ್ಕೆ ಕೆಳಗಿಳಿದು ಹೋಗುವ ಕುರಿಗಾಹಿಗಳು ದಾರಿ ತಪ್ಪಿ ಬಂದವರಿಗಿರಲಿ ಎಂದು ಹಿಟ್ಟು, ಉಪ್ಪು, ಸೌದೆ ಬಿಟ್ಟು ಹೋಗುತ್ತಾರಂತೆ. ಅವರ ಪೈಕಿ ಹುಟ್ಟಿದವನಿಗೆ ಅಂಥ ಗುಡಿಸಲನ್ನು ಎಲ್ಲಿ ಹುಡುಕಬೇಕೆಂದು ಗೊತ್ತಿತ್ತು. ಕೈಬೆರಳುಗಳಿಗೆ ಚಳಿ ಹಿಡಿದಿದೆ, ಒಂದು ಕಿರುಬೆರಳ ತುದಿ ಹೋಗಬಹುದು. ಹೋಗಲಿ. ಹತ್ತರಲ್ಲಿ ಒಂದರ ತುದಿ!

ನಾನು ಹೊಲದ ಕಡೆ ಹೋಗಿದ್ದ ಅತ್ತೆಯನ್ನು ಕೂಗುತ್ತ ಓಡಿದೆ. ಬರಿಗಾಲು, ಸೆರಗು ಎಲ್ಲೋ. ಮೆಕ್ಕೆಜೋಳದ ಕೂಳೆ ಚುಚ್ಚಿದ್ದು ಮನೆಗೆ ಬಂದ ಮೇಲೆ ತಿಳಿಯಿತು. ದೂರದಿಂದಲೇ "ಅವ್ವಾ, ಸಿಕ್ಕ! ನಮ್ಮ ಹುಡ್ಗ ಸಿಕ್ಕ!" ಎಂದೆನಂತೆ. ಅವ್ವ ಬದುವಿನ ಮೇಲೆಯೇ ಕುಸಿದು ಕುಳಿತು ನನ್ನನ್ನು ಮಡಿಲಿಗೆ ಎಳೆದುಕೊಂಡರು. 

ಆ ಬೆಟ್ಟದ ತಾಯಿಗೆ ಫೋನ್ ಮಾಡಿದರೆ ಲೈನು ಸಿಗುವುದೇ ಇಲ್ಲ. ಅವರು ನನಗೆ ಹಚ್ಚುತ್ತಿದ್ದರಂತೆ! ಕೊನೆಗೆ ಸಿಕ್ಕಾಗ ಅವ್ವ ಫೋನ್ ಕಸಿದುಕೊಂಡು ಕನ್ನಡದಲ್ಲೇ ಮಾತಾಡಿದರು. ಅತ್ತಲಿಂದ ಅವರದೇ ಭಾಷೆ. ಒಬ್ಬರಿಗೊಬ್ಬರು ತಿಳಿಯದೆ ಬಹಳ ಹೊತ್ತು ಮಾತಾಡಿದರು. ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಸಂಜೆ ಕಾಂತೇಶನೇ ಫೋನ್ ಮಾಡಿದ. ಮೊದಲಿನ ದನಿ! ಹಸಿವಾಗುತ್ತಿದೆ, ಆಸ್ಪತ್ರೆಯ ಬೇಳೆ ನೀರಿನ ಹಾಗಿದೆ ಎಂದು ದೂರಿದ. ಕಂಡಕ್ಟರ್ ಕಥೆ ಹೇಳಿದೆ. ನಕ್ಕು ಪಕ್ಕೆಲುಬು ನೋಯಿಸಿಕೊಂಡು ನನ್ನನ್ನೇ ಬೈದ. ಆ ಬೈಗಳನ್ನು ಇನ್ನೊಮ್ಮೆ ಕೇಳಬೇಕೆನಿಸಿತು.

ನವೆಂಬರ್ ೨೭, ಶುಕ್ರವಾರ

ಗುಂಡು ನಿಲ್ಲಿಸಿದ್ದಾರೆ. ಟಿವಿಯ ವೈರನ್ನು ಇವತ್ತು ಮತ್ತೆ ಸಿಕ್ಕಿಸಿದೆವು. ಕೋಟಿನವನು ನಾವೇ ಗೆದ್ದೆವು ಎನ್ನುತ್ತಿದ್ದಾನೆ. ಗಡಿಯಾಚೆಯವರ ಎರಡು ವಿಮಾನ ಬಿದ್ದದ್ದನ್ನು ತೋರಿಸಿದ.

"ಅದರಾಗೂ ಇಬ್ಬಿಬ್ರು ಇದ್ರೇನು?" ಎಂದು ಅವ್ವ ಕೇಳಿದರು. ಗೊತ್ತಿಲ್ಲ ಎಂದೆ. ಚಾನೆಲ್ ಬದಲಿಸಿ ಅಡುಗೆ ಕಾರ್ಯಕ್ರಮ ಹಾಕಿದೆ.

ಡಿಸೆಂಬರ್ ೨೦, ಭಾನುವಾರ

ಇವತ್ತು ದೋಣಿ ತುಂಬಿಸಿದೆವು.

ಇಬ್ಬರೂ ನಿನ್ನೆ ಬಂದರು. ಕಾಂತೇಶ್ ಊರುಗೋಲಿನ ಮೇಲೆ, ಅಂಕುಶ ಕೈಗಳಿಗೆ ಬ್ಯಾಂಡೇಜ್ ಸುತ್ತಿಕೊಂಡು. ಒಬ್ಬನಿಗೆ ನಡೆಯಲಾಗದು, ಇನ್ನೊಬ್ಬನಿಗೆ ಹಿಡಿಯಲಾಗದು. ಹೊಸಪೇಟೆಯಲ್ಲಿ ರೈಲಿನಿಂದ ಇಳಿಯುವಾಗ ಅಂಕುಶನ ಚೀಲ ಕಾಂತೇಶನ ಕೊರಳಲ್ಲಿತ್ತು, ಕಾಂತೇಶನ ಭಾರವೆಲ್ಲ ಅಂಕುಶನ ಹೆಗಲ ಮೇಲಿತ್ತು. ಇಬ್ಬರೂ ಕೂಡಿದರೆ ಒಬ್ಬ ಮನುಷ್ಯ ಆಗುತ್ತಾನೆ ಎಂದೆ. ಅಂಕುಶನಿಗೆ ಕಾಂತೇಶ್ ರೊಟ್ಟಿ ಮುರಿದು ತಿನ್ನಿಸುತ್ತಾನೆ. ಸಾಲದಾದರೆ ಅವ್ವ ತಿನ್ನಿಸುತ್ತಾರೆ. ಆರನೆಯದನ್ನು ಅವನು ಕೇಳುವ ಮೊದಲೇ ನಾನು ತಟ್ಟಿ ಹಾಕಿದೆ.

ಬೆಳಿಗ್ಗೆ ಓಬಳೇಶಪ್ಪ ಇನ್ನೂ ನಾಲ್ವರು ಗೊರವಯ್ಯಗಳೊಂದಿಗೆ ಬಂದರು. "ಏಳು ಕೋಟಿಗೋ!" ಎಂಬ ಮೈಲಾರನ ಜಯಕಾರಕ್ಕೆ, ಡಮರುವಿನ ಸದ್ದಿಗೆ ಓಣಿಯೆಲ್ಲ ನೆರೆಯಿತು. ಹುಲುಗಣ್ಣ ಚಿಕ್ಕಪ್ಪ ಹೊಸ ಕಂಬಳಿ ಹಾಸಿದರು. ಅವರು ಅಂಕುಶನ ಬೆನ್ನು ಚಪ್ಪರಿಸಿ, "ನಮ್ಮ ಕಂಡಕ್ಟರನ್ನ ಇಳಿಸಿ ಆಮ್ಯಾಲ ಇಳದ ಡ್ರೈವರ್ ಇವನೇನು?" ಎಂದರು. ಕಾಂತೇಶ್ ಅದನ್ನು ಹಿಂದಿಯಲ್ಲಿ ಹೇಳಿದ. ಅಂಕುಶ ಚಿಕ್ಕಪ್ಪನಿಗೆ ಬ್ಯಾಂಡೇಜಿನ ಕೈಯಲ್ಲೇ ಸೆಲ್ಯೂಟ್ ಹೊಡೆದ.

ಮೊದಲು ಮುಡಿಪು ಬಿಚ್ಚಬೇಕು. ಕಾಂತೇಶನದನ್ನು ಅವ್ವ ಬಿಚ್ಚಿದರು. ಅಂಕುಶನದನ್ನು ಬಿಚ್ಚುವಾಗ, ಇದು ನಿನ್ನ ಮಫ್ಲರಿನ ಗೊಂಡೆ ಎಂದು ನಾನು ಮಫ್ಲರನ್ನು ತಂದು ಅವನ ಕೊರಳಿಗೆ ಹಾಕಿದೆ. ಹಾಕಬಾರದಿತ್ತು. ಅವನು ಅದನ್ನು ಬ್ಯಾಂಡೇಜಿನ ಕೈಯಿಂದ ಮುಂದಕ್ಕೆ ಎಳೆದುಕೊಂಡು ನೋಡಿ, "ಅಮ್ಮ ಒಂದು ಗೊಂಡೆ ಕೊಟ್ಟೆ ಎಂದಳು. ಇಲ್ಲಿ ಎರಡು ಇಲ್ಲವಲ್ಲ ಭಾಭೀ?" ಎಂದ.

ಕಾಂತೇಶ್ ಅದನ್ನು ಕನ್ನಡಕ್ಕೆ ತಂದ. ಯಾರೂ ಕೇಳಿರಲಿಲ್ಲ, ಆದರೂ ತಂದ.

"ನಾ ಒಂದ ಕತ್ತರಿಸಿದ್ದು," ಎಂದರು ಅವ್ವ. ಎಲ್ಲರೂ ನನ್ನ ಕಡೆ ನೋಡಿದರು. ಇಲಿ ಕಡಿದಿರಬೇಕು ಎಂದೆ.

"ಯಾವ ಇ‍ಲಿ? ಅಡಿಗಿ ಮನಿ ಬಾಗಲಾ ಹಿಂದ ಮೊಳಿಗೆ ಹಳದಿ ಗಂಟು ಕಟ್ಟಿದ ಇಲೀನಾ?" ಎಂದರು ಅವ್ವ. "ದಿನಾ ಕಸ ಹೊಡಿಯಾಕಿ ನಾನ. ಕಾಣೂದಿಲ್ಲೇನು ನನಗ?"

ಒಂದು ತಿಂಗಳಿಂದ ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ! ಕಾಂತೇಶ್ ಊರುಗೋಲು ಬಿಟ್ಟು ಗೋಡೆಗೆ ಒರಗಿ ನಗುತ್ತಿದ್ದ. "ವಿಜ್ಞಾನದ ಮೇಡಂ..." ಎಂದವನು ಮುಂದೆ ಹೇಳಲಾರದೆ ಪಕ್ಕೆ ಹಿಡಿದುಕೊಂಡ. ಆ ಬುಧವಾರ ಮಂಜು ಸುರಿಯುತ್ತಿತ್ತು, ನನ್ನ ಕೈಯಲ್ಲಿ ಮಾಡಲು ಬೇರೇನೂ ಇರಲಿಲ್ಲ. ಕಟ್ಟಿದೆ. ಅದನ್ನು ಈ ಪುಸ್ತಕಕ್ಕೂ ಹೇಳಿರಲಿಲ್ಲ.

ಓಬಳೇಶಪ್ಪ ಮಾತ್ರ ನಗಲಿಲ್ಲ. "ಮುಡಿಪು ಕಟ್ಟಾಕ ಹೆತ್ತಾಕಿ ಆಗಿರಬೇಕು, ಇಲ್ಲಾ ಮನಿಯಾಕಿ ಆಗಿರಬೇಕು. ನೀ ಇವನಿಗೆ ಏನಾಗಬೇಕವ್ವಾ?" ಎಂದು ಗಂಭೀರವಾಗಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದರು: "ಅತ್ತಿಗಿ."

ಓಬಳೇಶಪ್ಪ ತಲೆಯಾಡಿಸಿದರು. "ಹಂಗಾರ ಅದು ಗಂಟಲ್ಲ, ಮುಡಿಪು. ಇವತ್ತು ನಿಮ್ಮತ್ತೀದು ಎರಡು ದೋಣಿ. ಬರೋ ಐತವಾರ ನಿಂದು ಒಂದು," ಎಂದು ನನ್ನ ಹಣೆಗೆ ಭಂಡಾರ ಬಳಿದರು. ಒರೆಸಿಕೊಳ್ಳುವ ಯೋಚನೆ ಬರಲಿಲ್ಲ.

ಗೊರವಯ್ಯಗಳು ಉಂಡು ಹೋದ ಮೇಲೆ ಅವ್ವ ಅಂಗಳದಲ್ಲಿ ಕುಳಿತು ಖಾಲಿ ದೋಣಿಗಳನ್ನು ತೊಳೆಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ನೀರು ಹಾಕಿದೆ. ಒಳಗಿಂದ ಅವರಿಬ್ಬರೂ ರೇಡಿಯೋದಲ್ಲಿ ಯಾವ ಹಾಡು ಹಾಕಬೇಕೆಂದು ಜಗಳವಾಡುವುದು ಕೇಳುತ್ತಿತ್ತು.

"ಅವ್ವಾ, ಒಂದು ದೋಣಿಗೆ ಎಷ್ಟು ಹಾಲು ಹಿಡೀತೈತೆ?" ಎಂದು ಕೇಳಿದೆ.